ಪ್ರಹ್ಲಾದನ ಮುಂದಾಲೋಚನೆಯ ಕಂಪ್ಯೂಟರು

ಮುಳಬಾಗಿಲಿನಲ್ಲಿ ನಮ್ಮ ಪಕ್ಕದ ಮನೆಯ ಪ್ರಹ್ಲಾದ ಅಂಗಡಿಯವರ ತೆರಿಗೆ ಕಾಗದಪತ್ರ ನೋಡಿಕೊಳ್ಳುವವನು. ಬುದ್ಧಿವಂತ. ಆದರೆ ಅವನು ವಾಸವಾಗಿರುವುದು ಇವತ್ತಿನಲ್ಲಲ್ಲ. ಮನೆ ಕಟ್ಟಿ ಹದಿನೆಂಟು ವರ್ಷವಾಯಿತು. ಮಹಡಿ ಏರಿಸಲೆಂದು ತಾರಸಿಯ ಮೇಲೆ ಬಿಟ್ಟ ಕಬ್ಬಿಣದ ಕಂಬಿಗಳು ಇನ್ನೂ ಆಕಾಶ ನೋಡುತ್ತಾ ನಿಂತಿವೆ. ಸದ್ಯಕ್ಕೆ ಅವುಗಳ ಮಧ್ಯೆ ಹಗ್ಗ ಕಟ್ಟಿ ಪಂಚೆ ಒಣಹಾಕುತ್ತಾನೆ. ಮದುವೆಯಾದ ವಾರದಲ್ಲೇ ಇಬ್ಬರ ಅಡುಗೆಗೆ ಹತ್ತು ಲೀಟರಿನ ಕುಕ್ಕರ್ ತಂದ. ಮಗಳು ಸಂಹಿತಾಳಿಗೆ ಒಂದನೇ ಕ್ಲಾಸಿನಲ್ಲಿ ಹೊಲಿಸಿದ ಯೂನಿಫಾರಂ ಮೈಗೆ ಸರಿಯಾಗಿ ಕೂತದ್ದು ನಾಲ್ಕನೇ ಕ್ಲಾಸಿನಲ್ಲಿ; ಅಷ್ಟರಲ್ಲಿ ಶಾಲೆಯವರು ಬಣ್ಣವನ್ನೇ ಬದಲಾಯಿಸಿದ್ದರು. ಅವನ ತಾಯಿ ಗುಂಡಮ್ಮನವರ ಪ್ರಕಾರ ಅವನು ಹುಟ್ಟಿದ್ದೂ ಹದಿನೈದು ದಿನ ಮುಂಚೆ.

ನಗುವ ಹಕ್ಕು ನನಗಿಲ್ಲ. ನಮ್ಮ ತಾರಸಿಯಲ್ಲೂ ಕಂಬಿಗಳಿವೆ. ಅವನವು ನೆಟ್ಟಗಿವೆ, ನನ್ನವು ಬಗ್ಗಿವೆ, ಅಷ್ಟೇ.

ಸಂಹಿತಾ ಈಗ ಕೋಲಾರದಲ್ಲಿ ಕಾಲೇಜು ಓದುತ್ತಾಳೆ. ಅಲ್ಲಿ ಐದು ಹುಡುಗಿಯರು ಸೇರಿ ಕಂಪ್ಯೂಟರ್ ಆಟದ ತಂಡ ಕಟ್ಟಿದ್ದಾರೆ. ಮೊದಲ ಪಂದ್ಯಾವಳಿ ಒಂದು ಭಾನುವಾರ ಬೆಳಗ್ಗೆ ಹತ್ತಕ್ಕೆ ಎಂದು ಗೊತ್ತಾಯಿತು. ಅವರವರ ಮನೆಯಿಂದಲೇ ಆಡುವುದು. ಸಂಹಿತಾ ಅದುವರೆಗೂ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಕೈ ಪಳಗಿಸಿಕೊಂಡವಳು. ತಂಡದ ನಾಯಕಿ, ಮಾಲೂರಿನ ಮೇಘನ, ಖಡಾಖಂಡಿತವಾಗಿ ಹೇಳಿದ್ದಳು: "ಶನಿವಾರ ಸಂಜೆ ಏಳರೊಳಗೆ ನಿನ್ನ ಹತ್ರ ಸ್ವಂತ ಮೆಷೀನ್ ಇರ್ಬೇಕು ಕಣೇ. ಇಲ್ಲಾಂದ್ರೆ ನಿನ್ನ ಜಾಗದಲ್ಲಿ ಪದ್ಮಶ್ರೀನ ಆಡಿಸ್ತೀನಿ, ಆಮೇಲೆ ಮುಖ ಊದಿಸ್ಕೋಬೇಡ."

ಪ್ರಹ್ಲಾದ ಐವತ್ತು ಸಾವಿರಕ್ಕೆ ಒಪ್ಪಿದ. ಒಪ್ಪಿದ ದಿನವೇ ಮಗಳು ಎಚ್ಚರಿಸಿದಳು.

"ಅಪ್ಪ, ಮೊದಲು ಗ್ರಾಫಿಕ್ಸ್ ಕಾರ್ಡ್ ತಗೋ. ಗೇಮ್ ಓಡಿಸೋದೇ ಅದು. ಮಿಕ್ಕಿದ್ದು ಸಾಧಾರಣದ್ದು ಸಾಕು."

"ಕಾರ್ಡು ಯಾವಾಗ ಬೇಕಾದ್ರೂ ಸಿಕ್ಕಿಸ್ಬೋದು ಕಣೇ. ಪಾಯ ಬದಲಾಯಿಸಕ್ಕಾಗತ್ತಾ?"

"ನಾನೇನು ಪಾಯದಲ್ಲಿ ಕೂತು ಆಡ್ಲಾ?"

ಪರೀಕ್ಷೆಯೆಂದು ಅವಳು ಪುಸ್ತಕ ಹಿಡಿದಳು. ಪ್ರಹ್ಲಾದ ಫೋನ್ ಹಿಡಿದು ಹತ್ತು ದಿನ ವಿಡಿಯೋ ನೋಡಿದ. ಅಂಗಡಿಯವನನ್ನು ಕೇಳಿದರೆ ಅವನ ಬಳಿ ಕೊಳೆಯುತ್ತಿರುವುದನ್ನೇ ಹೊಗಳುತ್ತಾನೆಂದು ಎಲ್ಲವನ್ನೂ ತಾನೇ ಆರಿಸಿ ತರಿಸಿದ. ನಾಲ್ಕು ರ‍್ಯಾಮ್ ಹಿಡಿಸುವ ಮದರ್‌ಬೋರ್ಡ್. ಅದರಲ್ಲಿ ಕೂರಲು ಒಂದೇ ರ‍್ಯಾಮ್. ಎರಡು ಕಂಪ್ಯೂಟರನ್ನು ಸಾಕಬಲ್ಲ ಪವರ್ ಸಪ್ಲೈ. ಗಾಜಿನ ಬಾಗಿಲು, ಬಣ್ಣದ ದೀಪದ ಏಳು ಫ್ಯಾನುಗಳಿರುವ ಕ್ಯಾಬಿನೆಟ್. ಗುಂಡಮ್ಮನವರು ಅದನ್ನು ಹೊಸ ದೇವರ ಮಂಟಪವೆಂದು ತಿಳಿದು, ಬಾಗಿಲು ಯಾವ ದಿಕ್ಕಿಗೆಂದು ವಿಚಾರಿಸಿದರು. ಪ್ರೊಸೆಸರ್‌ನಲ್ಲಿ ಎರಡು ಬಗೆ. ಪರದೆಗೆ ಚಿತ್ರ ಕಳಿಸುವ ಭಾಗವನ್ನು ಒಳಗೇ ಇಟ್ಟುಕೊಂಡಿರುವುದು ದುಬಾರಿ, ಅದಿಲ್ಲದ್ದು ಅಗ್ಗ. "ಮುಂದಿನ ವರ್ಷ ಹೆಂಗೂ ದೊಡ್ಡ ಕಾರ್ಡ್ ಬರತ್ತೆ, ಚಿತ್ರ ಅದು ಕಳಿಸತ್ತೆ. ಒಂದೇ ಕೆಲಸಕ್ಕೆ ಇಬ್ಬರು ಆಳು ಯಾಕಯ್ಯ?" ಎಂದು ಪ್ರಹ್ಲಾದ ಅಗ್ಗದ್ದನ್ನೇ ತರಿಸಿದ.

ಕೇಳಿದ ನನಗೆ ಇದು ಬಹಳ ಸರಿಯೆನಿಸಿತು. ತಲೆಯಾಡಿಸಿದೆ. ನನ್ನ ಕಂಪ್ಯೂಟರ್ ಜ್ಞಾನವೇನಿದ್ದರೂ ಕಾರಿನ ಡಿಕ್ಕಿ ತೆಗೆದು ಡಬ್ಬಗಳನ್ನು ಜೋಡಿಸುವಲ್ಲಿಗೆ ಮುಗಿಯುತ್ತದೆ. ನನ್ನನ್ನು ಕರೆದದ್ದೂ ಅದಕ್ಕೇ.

ಶನಿವಾರ ಮಧ್ಯಾಹ್ನ ಅಪ್ಪ, ಮಗಳು, ನಾನು ಮೂವರೂ ಕೋಲಾರದ ನಂದೀಶನ ಅಂಗಡಿಗೆ ಹೋದೆವು. ಬಿಡಿಭಾಗ ತಂದುಕೊಟ್ಟರೆ ಜೋಡಿಸಿಕೊಡುತ್ತಾನೆ. ಗೌನಿಪಲ್ಲಿಯ ಕಡೆಯವನು, ಕಷ್ಟ ಬಂದರೆ ತೆಲುಗಿಗೆ ಹಾರುತ್ತಾನೆ. ಡಬ್ಬಗಳನ್ನು ಒಂದೊಂದೇ ಬಿಚ್ಚುತ್ತಾ ಹೋದವನು ಕೊನೆಗೆ ಖಾಲಿ ಚೀಲವನ್ನು ತಲೆಕೆಳಗು ಮಾಡಿ ಕೊಡವಿದ.

"ಕಾರ್ಡೆಲ್ಲಿ ಸಾರ್?"

"ಅದು ಮುಂದಿನ ವರ್ಷ."

ನಂದೀಶ ಪ್ರೊಸೆಸರಿನ ಡಬ್ಬ ನೋಡಿದ, ಪ್ರಹ್ಲಾದನನ್ನು ನೋಡಿದ. ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದ. ಏಳು ಫ್ಯಾನುಗಳೂ ತಿರುಗಿದವು. ಬಣ್ಣದ ದೀಪಗಳು ಕುಣಿದವು. ಪಕ್ಕದ ಬೇಕರಿಯವನೂ ಬಂದು ನೋಡಿದ. ಪರದೆ ಮಾತ್ರ ಇದ್ದಿಲಿನಂತೆ ಕಪ್ಪಗೆ ಕೂತಿತ್ತು.

"ಬೊಮ್ಮ ರಾದು ಸಾರ್" ಎಂದ ನಂದೀಶ. "ಚಿತ್ರ ಬರಲ್ಲ. ಕಾರ್ಡೂ ಇಲ್ಲ, ಪ್ರೊಸೆಸರಲ್ಲೂ ಇಲ್ಲ. ಎಲ್ಲಿಂದ ಬರ್ಬೇಕು?"

"ಆದ್ರೆ ಓಡ್ತಾ ಇದೆಯಲ್ಲ?"

"ಓಡ್ತಾ ಇದೆ ಸಾರ್. ಏನು ಓಡ್ತಾ ಇದೆ ಅಂತ ನಿಮಗೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ."

ಆಗ ಆರೂಕಾಲು. ಸಂಹಿತಾ ಗಡಿಯಾರ ನೋಡಿದಳೇ ಹೊರತು ಅಪ್ಪನನ್ನು ನೋಡಲಿಲ್ಲ. ನಂದೀಶ ಕಪಾಟಿನಿಂದ ಒಂದು ಹಳೆಯ ಕಾರ್ಡ್ ತೆಗೆದ. ನರಸಾಪುರದ ಕಂಪನಿಯಲ್ಲಿ ಕೆಲಸ ಮಾಡುವ ಒಬ್ಬರು ಹೊಸದು ಹಾಕಿಸಿಕೊಂಡು ಬಿಟ್ಟುಹೋದದ್ದಂತೆ. ದೊಡ್ಡ ಪವರ್ ಸಪ್ಲೈ ಮತ್ತು ದೀಪದ ಕ್ಯಾಬಿನೆಟ್ ತನಗೆ ಕೊಟ್ಟರೆ ಈ ಕಾರ್ಡ್, ಸಣ್ಣದೊಂದು ಪವರ್ ಸಪ್ಲೈ, ಸಾದಾ ಕ್ಯಾಬಿನೆಟ್ ಕೊಡುತ್ತೇನೆಂದ.

ಪ್ರಹ್ಲಾದ ಎರಡೂ ಕೈಯಿಂದ ಕ್ಯಾಬಿನೆಟ್ ಹಿಡಿದುಕೊಂಡ. "ಆಮೇಲೆ ಮುಂದಿನ ವರ್ಷದ ಕಾರ್ಡು ಆ ಸಣ್ಣ ಪವರ್ ಸಪ್ಲೈನಲ್ಲಿ ಓಡಲ್ವಲ್ಲಯ್ಯ."

"ಮುಂದಿನ ವರ್ಷ ನಾನು ತಂಡದಲ್ಲಿರಲ್ಲ ಅಪ್ಪ" ಎಂದಳು ಸಂಹಿತಾ. "ಇವತ್ತು ಏಳು ಗಂಟೆಗೆ ಪದ್ಮಶ್ರೀ ಇರ್ತಾಳೆ."

ಪ್ರಹ್ಲಾದ ನನ್ನತ್ತ ತಿರುಗಿದ. ಹತ್ತು ದಿನ ತಲೆಯಾಡಿಸಿದ್ದ ನಾನು ಆ ಕ್ಷಣದಲ್ಲಿ ಬೇಕರಿಯ ಪಫ್ಸು ಎಷ್ಟು ಹೊತ್ತಿನದೆಂದು ಪರಿಶೀಲಿಸುತ್ತಿದ್ದೆ. ಸಂಹಿತಾ ಅಪ್ಪನ ಬೆರಳುಗಳನ್ನು ಒಂದೊಂದಾಗಿ ಕ್ಯಾಬಿನೆಟ್ಟಿನಿಂದ ಬಿಡಿಸಿದಳು. "ಮಾಡಿ ಅಣ್ಣ" ಎಂದಳು ನಂದೀಶನಿಗೆ.

ಏಳಕ್ಕೆ ಎಂಟು ನಿಮಿಷವಿರುವಾಗ ಪರದೆಯ ಮೇಲೆ ಬೆಳಕು ಬಂತು. ಸಂಹಿತಾ ಅದರ ಫೋಟೋ ತೆಗೆದು ಮೇಘನಳಿಗೆ ಕಳಿಸಿ, ಉತ್ತರ ಬಂದ ಮೇಲೆ ಒಂದು ಪಫ್ಸ್ ಕೇಳಿದಳು.

ಭಾನುವಾರ ಅವರು ಮೊದಲ ಪಂದ್ಯ ಗೆದ್ದು ಎರಡನೆಯದರಲ್ಲಿ ಸೋತರು. ಮೇಘನ ಸಂಹಿತಾಳನ್ನು ಮುಂದಿನ ಪಂದ್ಯಾವಳಿಗೂ ಬರೆದುಕೊಂಡಳು. ಸುದ್ದಿ ಹೇಳಲು ಮಧ್ಯಾಹ್ನ ನಮ್ಮ ಮನೆಗೆ ಬಂದ ಪ್ರಹ್ಲಾದನ ಗಂಟಲು ಆಟ ನೋಡುತ್ತಾ ಕೂಗಿ ಕೂಗಿ ಒಡೆದಿತ್ತು.

"ಹಳೇ ಕಾರ್ಡೇ ಹಾಕ್ಬೇಕು ಕಣಯ್ಯ. ಸುಮ್ನೆ ದೊಡ್ಡ ಡಬ್ಬ ಕಟ್ಕೊಂಡು ಏನು ಮಾಡ್ತಾರೆ ಜನ? ನೋಡು, ಆರಿಸಿದ್ದು ಸರಿಯಾಯ್ತಾ ಇಲ್ವಾ?"

"ಯಾರು ಆರಿಸಿದ್ದು?"

"ನಾನೇ."

ನಾನು ಎದುರಾಡಲಿಲ್ಲ. ಆ ಕಾರ್ಡ್ ಆರಿಸಿಕೊಟ್ಟವನು ನಾನೇ ಎಂದು ಬೆಳಗ್ಗೆ ಹಾಲಿನ ಡೇರಿಯಲ್ಲಿ ನಾಲ್ಕು ಜನಕ್ಕೆ ಹೇಳಿ ಬಂದಾಗಿತ್ತು.