ಹಾರಿದ ತಾಸಿನ ದುಡ್ಡು

ಪೈಲಟ್ ಆಗಿ ಪಡೆದ ಮೊದಲ ಪಗಾರದ ಚೀಟಿಯನ್ನು ನಾನು ಶಲವಡಿಯ ಮನೆಗೆ ಒಯ್ದದ್ದು ಮೆರೆಯಲಿಕ್ಕೇ. ಅದರಲ್ಲಿ ಮುಚ್ಚುಮರೆ ಏನಿಲ್ಲ. ಕಾರು ಕೊಳ್ಳುವ ಮಾತನ್ನೂ ತೆಗೆದೆ. ನಾಲ್ಕನೇ ಇಯತ್ತೆ ಓದಿದ ಅವ್ವ ಚೀಟಿಯನ್ನು ಕಣ್ಣ ಹತ್ತಿರ ಹಿಡಿದು ಬೆರಳಿಟ್ಟಳು.

"ಪಗಾರ ಎರಡ ಸಾಲಿನ್ಯಾಗ ಯಾಕ ಬರದಾರ?"

"ಒಂದು ಕಾಯಂ ಬರೂದು. ಇನ್ನೊಂದು ಹಾರಿದ ತಾಸಿಗೆ ಕೊಡೂದು."

"ಹಾರದಿದ್ರ?"

"ಅದು ಬರೂದಿಲ್ಲ."

"ಹಂಗಾರ ಇದು ಮಳಿ ಆದ ತಿಂಗಳಿನ ಪಗಾರ ಐತಿ. ಇದನ್ನ ನಂಬಿ ಕಾರ್ ತಗೋತೀಯೇನ, ಶಾಣ್ಯಾಕಿ?"

ನನಗೆ ಸಿಟ್ಟು ನೆತ್ತಿಗೇರಿತು. ಹೊಲ ಬಿಟ್ಟು ಬೇರೆ ಲೋಕ ಕಾಣದವಳು ವಿಮಾನದ ಲೆಕ್ಕ ಹೇಳುತ್ತಾಳಲ್ಲ! ಚೀಟಿ ಇಸಿದುಕೊಂಡು ಅಂಗಳಕ್ಕೆ ಬಂದೆ.

ನಮ್ಮ ಅಂಗಳದಲ್ಲಿ ಒಂದು ಹಗೇವು ಇದೆ, ಜೋಳ ತುಂಬಿಡುವ ನೆಲದೊಳಗಿನ ಕಣಜ. ಊರಲ್ಲಿ ಬಹಳ ಮಂದಿ ಮುಚ್ಚಿಸಿ ಮೇಲೆ ಫರಸಿ ಕಲ್ಲು ಹಾಕಿಸಿದ್ದಾರೆ. ಅವ್ವ ಬಿಟ್ಟಿಲ್ಲ. ಅದರ ಬಾಯಿ ತೆರೆಯುವುದು ಸಣ್ಣ ಕೆಲಸವಲ್ಲ. ಒಳಗೆ ಕೆಟ್ಟ ಗಾಳಿ ಕೂತಿರುತ್ತದೆ, ದೀಪ ಇಳಿಸಿ ನೋಡಿದ ಮೇಲೆಯೇ ಮನುಷ್ಯ ಇಳಿಯಬೇಕು. ಒಮ್ಮೆ ತೆರೆದರೆ ಕಾಳನ್ನೆಲ್ಲ ಹೊರತೆಗೆಯಬೇಕು. ಹಾಗಾಗಿ ಸಂತೆಯ ಖರ್ಚಿಗೆ, ಹಬ್ಬದ ಸೀರೆಗೆ ಯಾರೂ ಹಗೇವು ಮುಟ್ಟುವುದಿಲ್ಲ.

ಕಾರು ಕೈಬಿಟ್ಟೆ. ತರಬೇತಿ ಸಾಲದ ಕಂತು, ಬಾಡಿಗೆ, ಊಟ ಎಲ್ಲ ಕಾಯಂ ಪಗಾರದಲ್ಲಿ. ಹಾರಿದ ತಾಸಿನ ದುಡ್ಡು ಪೂರ್ತಿ ಬ್ಯಾಂಕಿನ ಠೇವಣಿಗೆ. ಜೊತೆಯವರು ನನ್ನ ಹಳೆಯ ಸ್ಕೂಟರ್ ನೋಡಿ ಆಡಿಕೊಂಡರು. ಒಳಗೊಳಗೆ ಉರಿದರೂ ಅದನ್ನೇ ಓಡಿಸಿದೆ.

ಆರನೇ ವರ್ಷ ಕಂಪನಿಯ ಪಗಾರ ನಿಂತಿತು. ಎರಡು ತಿಂಗಳಾದ ಮೇಲೆ ಹೆದರಿ ಫೋನ್ ಮಾಡಿದೆ.

"ಯವ್ವಾ, ಠೇವಣಿ ಮುರೀತೀನಿ ಬೇ."

"ಉಣ್ಣಾಕ ಐತಿಲ್ಲೋ?"

"ಐತಿ."

"ಹಂಗಾರ ಮುಚ್ಚಿರಲಿ. ಜ್ವಾಳ ಕಳಸ್ತೀನಿ."

ಕಂಪನಿ ಮುಚ್ಚಿಯೇ ಹೋಯಿತು. ಪೈಲಟ್ ಪರೀಕ್ಷೆಗೆ ಕೂರುವವರಿಗೆ ಪಾಠ ಹೇಳಿ ಕಂತು ಕಟ್ಟಿದೆ, ಅವ್ವನ ಜೋಳದ ರೊಟ್ಟಿ ತಿಂದೆ. ವರ್ಷದ ಮೇಲೆ ಬೇರೊಂದು ಕಂಪನಿ ಕರೆಯಿತು. ಅವರ ವಿಮಾನ ಬೇರೆ ಮಾದರಿಯದು. ಅದರ ತರಬೇತಿಯನ್ನು ಸ್ವಂತ ಖರ್ಚಿನಲ್ಲಿ ಮುಗಿಸಿ ಬಂದವರಿಗಷ್ಟೇ ಕೆಲಸ. ಇದು ತಪ್ಪಿದರೆ ಮತ್ತೆ ಹಾರುತ್ತೇನೆಂಬ ಖಾತ್ರಿ ನನಗಿರಲಿಲ್ಲ. ಜೊತೆಯವರಲ್ಲಿ ಕೆಲವರು ಆ ಹಣ ಹೊಂದಿಸಲಾಗದೆ ಕೈಚೆಲ್ಲಿದ್ದರು. ಮತ್ತೆ ಫೋನ್ ಮಾಡಿದೆ.

ಅವ್ವ ಕೇಳಿದ್ದು ಒಂದೇ. "ಇದು ಉಣ್ಣಾಕೋ, ಬಿತ್ತಾಕೋ?"

"ಬಿತ್ತಾಕ."

"ತೆಗಿ. ಎಲ್ಲಾ ತೆಗಿ."

ತೆಗೆದೆ. ತರಬೇತಿ ಮುಗಿಸಿದೆ, ಕೆಲಸ ಸಿಕ್ಕಿತು.

ಮೊದಲ ರಜೆಯಲ್ಲಿ ಊರಿಗೆ ಹೋದಾಗ ಹೊಸ ಚೀಟಿಯನ್ನು ಅವ್ವನ ಕೈಗಿಟ್ಟೆ. ಎರಡನೇ ಸಾಲು ಹುಡುಕಿ, "ಹಗೇವು ಖಾಲಿ ಐತಿ, ನೆನಪಿರಲಿ," ಎಂದು ರೊಟ್ಟಿ ಬಡಿಸಿ ಕಟ್ಟೆಗೆ ಹೋದಳು. ಅಲ್ಲಿ ಬಾಜು ಮನೆಯಾಕೆ ಕೇಳಿದ್ದು ನನಗೂ ಕೇಳಿಸಿತು.

"ನಿಮ್ಮ ಮಗಳಿಗೆ ಎಷ್ಟ ಪಗಾರ ಬರ್ತೈತ್ರಿ?"

"ಪಗಾರ ಹೆಚ್ಚೂ ಕಡಿಮಿ ಆಕ್ಕೈತ್ರಿ," ಅಂದಳು ಅವ್ವ. "ಪಗಾರ ಇಲ್ಲದ ವರ್ಷ ನನ್ನ ಮಗಳು ಯಾರ ಮುಂದನೂ ಕೈ ಚಾಚಲಿಲ್ಲ ನೋಡ್ರಿ."

ಒಳಗೆ ರೊಟ್ಟಿ ಮುರಿಯುತ್ತಿದ್ದ ನನಗೆ, ಮೊದಲ ಸಲ ಒಬ್ಬಳೇ ವಿಮಾನ ಏರಿಸಿದ ದಿನವೂ ಇಷ್ಟು ಹಿಗ್ಗಾಗಿರಲಿಲ್ಲ.