ಚೀಟಿಯ ಹಿಂಬದಿ

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಸವೆಸಿದ ಆಕೆಯನ್ನು ಎಲ್ಲರೂ ಕರೆಯುವುದು ರೆಕಾರ್ಡಕ್ಕ ಎಂದೇ. ಹಾಳೆಯೊಂದು ದಂಡವಾದರೂ ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಒಂದು ಬದಿ ಖಾಲಿಯಿರುವ ಹಳೆಯ ಹಾಳೆಗಳನ್ನು ಕತ್ತರಿಸಿ, ರೋಗಿಗಳಿಗೆ ಸರದಿಯ ಚೀಟಿ ಮಾಡಿಕೊಡುವ ಪದ್ಧತಿ ತಂದವಳು ಅವಳೇ. ಪುಕ್ಕಟೆ ಸಿಗುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಹಾಕಿಸಿ, ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದವಳೂ ಅವಳೇ.

ಆ ಬೆಳಿಗ್ಗೆ ಆಡಳಿತಾಧಿಕಾರಿ ಕರೆಸಿದರು. ಎದುರಿಗೆ ಶಾಲೆಯ ಟೀಚರೊಬ್ಬರು ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದರು. ಅವರ ಕಾಯಿಲೆ ಏನೆಂದು ಬೀದಿಯ ದರ್ಜಿಗೂ ಗೊತ್ತಾಗಿಹೋಗಿತ್ತಂತೆ.

"ನೋಡ್ರೀ ನಿಮ್ಮ ಪುಕ್ಕಟೆ ಸಾಫ್ಟ್‌ವೇರಿನ ಘನಕಾರ್ಯ!" ಅಧಿಕಾರಿ ಮೇಜು ಗುದ್ದಿದರು. "ಓಪನ್ ಅಂದ್ಮೇಲೆ ಊರಿಗೆಲ್ಲ ಓಪನ್ನೇ!"

ಏನು ಹೇಳೋಣ ಇಂಥವರಿಗೆ! ರೆಕಾರ್ಡಕ್ಕನ ಮೈಯೆಲ್ಲ ಉರಿದುಹೋಯಿತು.

"ಸಾರ್, ಎಲ್ಲರಿಗೂ ಕಾಣೋದು ಸಾಫ್ಟ್‌ವೇರನ್ನ ಹೇಗೆ ಬರೆದಿದ್ದಾರೆ ಅನ್ನೋದು, ರೋಗಿಗಳ ಹೆಸರಲ್ಲ. ಬೀಗ ಮಾಡೋದು ಹೇಗೆ ಅಂತ ಊರಿಗೆಲ್ಲ ಗೊತ್ತಿದ್ರೆ ನಿಮ್ಮನೆ ಬಾಗಿಲು ತೆರ್ಕೊಳ್ಳತ್ತಾ? ಇವರ ದಾಖಲೆ ಯಾರ್ಯಾರು ತೆರೆದ್ರು ಅಂತ ಸಾಫ್ಟ್‌ವೇರೇ ಬರೆದಿಟ್ಟಿದೆ. ಡಾಕ್ಟರು, ನಾನು. ಇಬ್ಬರೇ."

"ಹಾಗಾದ್ರೆ ಬಾಯಿಬಿಟ್ಟಿದ್ದು ನೀವೇ!" ಅಧಿಕಾರಿ ಬಿಳಿ ಹಾಳೆ, ಪೆನ್ನು ಮುಂದೆ ತಳ್ಳಿದರು. "ಸಾಫ್ಟ್‌ವೇರಿಂದ ಸೋರಿತು ಅಂತ ಬರ್ಕೊಡಿ, ಬಿಟ್ಬಿಡ್ತೀನಿ. ಇಲ್ದಿದ್ರೆ ಸಂಜೆಯೊಳಗೆ ಮನೆ ದಾರಿ ಹಿಡೀರಿ."

ಅವಳು ಪೆನ್ನು ಹಿಡಿದಳು. ಆಗಲೇ ಟೀಚರ ಬೆರಳ ಸಂದಿಯಲ್ಲಿದ್ದ ಸರದಿಯ ಚೀಟಿ ಕಣ್ಣಿಗೆ ಬಿತ್ತು. ಮುಂದೆ ನಲವತ್ತೆರಡು ಎಂಬ ನಂಬರು. ಅವಳ ಕಡೆಗಿದ್ದ ಹಿಂಬದಿಯಲ್ಲಿ ಅಚ್ಚಾದ ಸಾಲು: ಯಾರದೋ ಹೆಸರು, ವಯಸ್ಸು, ಕಾಯಿಲೆ.

ಡಾಕ್ಟರಿಗೆಂದು ವಾರಕ್ಕೊಮ್ಮೆ ಮುದ್ರಿಸುವ ರೋಗಿಗಳ ಪಟ್ಟಿಯದು. ಕೆಲಸ ಮುಗಿದ ಮೇಲೆ ಅದನ್ನು ಹಳೇ ಹಾಳೆಗಳ ಜೊತೆ ಸೇರಿಸಿ ಕತ್ತರಿಸಿದವಳು ತಾನೇ. ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ!

ಇನ್ನೂ ಯಾರೂ ಗಮನಿಸಿರಲಿಲ್ಲ. ಸಾಹೇಬರು ಹೇಳಿದ ಒಂದು ಸಾಲು ಗೀಚಿದರೆ ಕೆಲಸ ಉಳಿಯುತ್ತಿತ್ತು.

ಅವಳು ಪೆನ್ನು ಕೆಳಗಿಟ್ಟಳು. "ಆ ಚೀಟಿ ತಿರುಗಿಸಿ ನೋಡಿ, ಟೀಚರ್. ನಿಮ್ಮ ಹೆಸರೂ ಹೀಗೇ ಯಾರದೋ ಕೈಗೆ ಹೋಗಿದೆ. ತಪ್ಪು ಸಾಫ್ಟ್‌ವೇರಿಂದಲ್ಲ ಸಾರ್, ನಂದು."

ಟೀಚರ್ ಚೀಟಿ ತಿರುಗಿಸಿದರು. "ದರ್ಜಿ ಹೋದ ವಾರ ಇಲ್ಲಿಗೇ ತೋರಿಸ್ಕೊಳ್ಳೋಕೆ ಬಂದಿದ್ರು," ಎಂದರು ಮೆಲ್ಲಗೆ.

ಹೊರಗೆ ಯಾರೋ ನಲವತ್ತಮೂರು ಎಂದು ಕೂಗಿದರು. ರೆಕಾರ್ಡಕ್ಕ ಅಪ್ಪಣೆಗೂ ಕಾಯದೆ ಓಡಿದಳು. "ಚೀಟಿ ವಾಪಸ್ ಕೊಡಿ, ಎಲ್ಲರೂ ಕೊಡಿ!" ಎನ್ನುತ್ತ ಬೆಂಚಿನುದ್ದಕ್ಕೂ ಕೈಯೊಡ್ಡಿದಳು. ಬೆಂಚಿನಲ್ಲಿ ಕೂತ ಮೂರನೆಯವರು ಆಗಲೇ ತಮ್ಮ ಚೀಟಿಯ ಹಿಂಬದಿಯನ್ನು ಓದುತ್ತಿದ್ದರು.