ಹಸು ತಿಂದ ಸಜ್ಜೆ ರೊಟ್ಟಿ

ನಾಲ್ಕು ವರ್ಷ ನಾನು ಬಾಯಿಯ ಎಡಗಡೆಯಲ್ಲೇ ಅಗಿದು ಬದುಕಿದೆ. ಬಲಗಡೆಯ ಕೊನೆಯ ದವಡೆ ಹಲ್ಲು ಟೊಳ್ಳಾಗಿತ್ತು. ನಾಲಿಗೆ ತಾಕಿದರೂ ಕಿವಿಯವರೆಗೆ ಝುಮ್ಮೆನ್ನುತ್ತಿತ್ತು. ಕೀಳಿಸಿಕೊಂಡರೆ ಮುಗಿದುಹೋಗುವ ಕೆಲಸ, ಯಾರಿಗೆ ಗೊತ್ತಿಲ್ಲ? ಆದರೆ ಹಲ್ಲಿನ ಡಾಕ್ಟರ ಬೋರ್ಡು ಕಂಡರೆ ಸಾಕು, ನಾನು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದೆ. ಚಿಕ್ಕಂದಿನಲ್ಲಿ ಶಾಲೆಗೆ ಬಂದಿದ್ದ ಒಬ್ಬ ಡಾಕ್ಟರು ದವಡೆ ಮರಗಟ್ಟುವ ಮೊದಲೇ ಇಕ್ಕಳ ಹಾಕಿದ್ದರು. ನಾನು ಎಷ್ಟು ಕಿರುಚಿದರೂ ನಿಲ್ಲಿಸಲಿಲ್ಲ. ಆ ಔಷಧಿಯ ವಾಸನೆ ಇಪ್ಪತ್ತೈದು ವರ್ಷವಾದರೂ ಮೂಗಿನಿಂದ ಹೋಗಿರಲಿಲ್ಲ. "ಹಲ್ಲಿದ್ದೋರ್ಗೆ ಕಡಲೆ ಇಲ್ಲ ಅಂತಾರೆ. ನಿಂಗೆ ಎರಡೂ ಇದ್ದು ತಿನ್ನೋ ಯೋಗ ಇಲ್ಲ ಕಣೇ" ಎಂದು ನನ್ನ ಗಂಡ ರೇಗಿಸುತ್ತಿದ್ದರು.

ಆಗ ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ತಮಾಷೆ ಎಂದರೆ ಅಲ್ಲಿ ನನಗೆ ಗಟ್ಟಿಗಿತ್ತಿ ಎಂಬ ಹೆಸರಿತ್ತು! ಒಮ್ಮೆ ಮೆಷಿನ್ ಸೂಜಿ ನನ್ನ ಬೆರಳೊಳಗೆ ತೂರಿ ಮುರಿಯಿತು. ನಾನು ಅಳಲಿಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಸೂಜಿಯ ಚೂರು ಹುಡುಕಲು ಕೂತೆ. ನಮ್ಮಲ್ಲಿ ಸೂಜಿ ಮುರಿದರೆ ಎಲ್ಲ ಚೂರೂ ಸಿಗಬೇಕು, ಜೋಡಿಸಿ ಪುಸ್ತಕದಲ್ಲಿ ಅಂಟಿಸಬೇಕು, ಆಮೇಲೆಯೇ ಹೊಸ ಸೂಜಿ. ಬಟ್ಟೆಯೊಳಗೆ ಒಂದು ಚೂರು ಉಳಿದರೂ ಅದು ಮುಂದೆ ಯಾರನ್ನೋ ಚುಚ್ಚುತ್ತದೆ. ಅಂಥ ಗಟ್ಟಿಗಿತ್ತಿ ಹಲ್ಲಿನ ಡಾಕ್ಟರಿಗೆ ಹೆದರುತ್ತಾಳೆ ಎಂದು ಹೇಳಿಕೊಳ್ಳುವುದು ಹೇಗೆ? ಬಾಯಿಗೆ ಬೀಗ ಹಾಕಿಕೊಂಡೆ.

ಪಕ್ಕದ ಮೆಷಿನಿನವಳು ಬಿಜಾಪುರದ ಕಡೆಯವಳು, ನನಗಿಂತ ಚಿಕ್ಕವಳು. ನನ್ನ ಬಳಿ ಹೊಲಿಯಬೇಕಾದ ಕಾಲರುಗಳ ರಾಶಿ ಬಿದ್ದರೆ ಸೂಪರ್‌ವೈಸರ್ ಬಾಯಿ ತೆರೆಯುವ ಮೊದಲೇ ತನ್ನದು ಮುಗಿಸಿ ನನ್ನದಕ್ಕೆ ಕೈಹಾಕುತ್ತಿದ್ದಳು. ಆ ಶಬ್ದದ ಕಾಡಿನಲ್ಲಿ ನನಗೆ ತಂಗಿ ಇದ್ದಂತೆ ಅವಳು. ಮಧ್ಯಾಹ್ನ ಅರ್ಧ ಗಂಟೆ ಊಟ. ಹೆಂಗಸರೆಲ್ಲ ಡಬ್ಬಿಗಳನ್ನು ನಡುವೆ ಇಟ್ಟು ಹಂಚಿಕೊಂಡು ತಿನ್ನುತ್ತಿದ್ದರು. ನಾನು ಮಾತ್ರ ನನ್ನ ಮೆತ್ತನೆಯ ಮೊಸರನ್ನ ತಿಂದು ಕೈ ತೊಳೆಯುತ್ತಿದ್ದೆ. ಅವಳು ಏನು ನೀಡಿದರೂ ಸೋಮವಾರ ಒಂದು ನೆಪ, ಶನಿವಾರ ಇನ್ನೊಂದು.

ಸಂಕ್ರಾಂತಿಗೆ ಊರಿಗೆ ಹೋಗಿದ್ದ ಅವಳು ಒಂದು ಗಂಟು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಹೊತ್ತು ತಂದಳು. ಕಟಕಟ ಎನ್ನುವ ಖಡಕ್ ರೊಟ್ಟಿ, ತಿಂಗಳುಗಟ್ಟಲೆ ಕೆಡುವುದಿಲ್ಲ. ಲೈನಿನಲ್ಲಿದ್ದ ಎಲ್ಲರಿಗೂ ಒಂದೊಂದು ಕೊಟ್ಟು ನನ್ನ ಮುಂದೆ ನಿಂತಳು.

"ತಗೋರಿ ಅಕ್ಕಾ. ನಮ್ಮವ್ವ ನಿಮ್ಮ ಹೆಸರು ಹೇಳಿ ಕಳಿಸ್ಯಾಳ."

ನೋಡಿದೊಡನೆ ನನ್ನ ಹಲ್ಲು ಮಿಡಿಯತೊಡಗಿತು. "ಒಟ್ಟೆ ತುಂಬೈತೆ ಕಣವ್ವಾ, ಮನೇಗ್ ಓಗ್ ತಿಂತೀನಿ" ಎಂದು ಪೇಪರಿನಲ್ಲಿ ಸುತ್ತಿಟ್ಟೆ. ಮನೆಗೆ ಒಯ್ದರೆ ಗಂಡ ಮತ್ತೆ ಹಲ್ಲಿನ ಮಾತೆತ್ತುತ್ತಾರೆ. ಬಿಸಾಡಲು ಮನಸ್ಸಿಲ್ಲ. ಸಂಜೆ ಬಸ್‌ಸ್ಟಾಪಿನಲ್ಲಿ ಒಂದು ಹಸು ಕಂಡಿತು. ಹಬ್ಬದ ತಿಂಗಳು, ಗೋವಿಗೆ ಕೊಟ್ಟರೆ ಪುಣ್ಯವೆಂದು ನೀಡಿಬಿಟ್ಟೆ. ತಿರುಗಿದರೆ ಹಿಂದೆ ಅವಳು!

"ಆಕಳಾದ್ರೂ ತಿಂತು ಬಿಡ್ರಿ" ಎಂದಳು. ಅಷ್ಟೇ. ಬಸ್ಸು ಹತ್ತಿಬಿಟ್ಟಳು.

ಮರುದಿನ ಊಟಕ್ಕೆ ಅವಳು ದೂರ ಕೂತಳು. ಕಾಲರು ರಾಶಿ ಬಿದ್ದರೂ ಕೈ ಬರಲಿಲ್ಲ. ಮೂರನೆಯ ದಿನ ಇನ್ನೊಬ್ಬಳು ನನಗೆ ಕೇಳುವಂತೆಯೇ, "ಅವ್ರು ನಾವ್ ಮುಟ್ಟಿದ್ದು ತಿನ್ನಲ್ಲ ಕಣ್ರೀ" ಎಂದಳು. ನಾನು ಜಾತಿ ನೋಡುತ್ತೇನೆ ಎಂದುಕೊಂಡಿದ್ದರು! ಸಿಟ್ಟು ನೆತ್ತಿಗೇರಿತು. ಆದರೆ ಆ ಅನುಮಾನ ಗಾಳಿಯಲ್ಲಿ ಹುಟ್ಟಿದ್ದಲ್ಲವಲ್ಲ. ನಮ್ಮದು ನಾಗಸಂದ್ರದ ಹಳೆಯ ಮನೆತನ. ಹಿತ್ತಲಲ್ಲಿ ಬಾಡಿಗೆಗೆ ಕೊಟ್ಟ ರೂಮುಗಳಲ್ಲಿ ಅವಳ ಊರ ಕಡೆಯವರೇ ಇದ್ದರು. ಅವರಿಗೆ ಕಾಫಿ ಕೊಡಲು ನಮ್ಮ ಅತ್ತೆ ನಲ್ಲಿಯ ಬಳಿ ಬೇರೆಯೇ ಲೋಟ ಇಟ್ಟಿದ್ದರು, ನಾನೂ ಅದನ್ನು ನೋಡಿ ಸುಮ್ಮನಿದ್ದೆ. ಆ ಲೋಟದ ಸುದ್ದಿ ಅವರಿಂದ ಅವಳಿಗೂ ಮುಟ್ಟಿರಬೇಕು. ಅವತ್ತು ರಾತ್ರಿ ನೋವು ಯಾವುದು, ನಾಚಿಕೆ ಯಾವುದು ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ, "ಗಾಡಿ ತೆಗೀರಿ, ಅಲ್ಲು ಕೀಳಿಸ್ಬೇಕು" ಎಂದೆ. ಗಂಡನ ಕೈಯಲ್ಲಿದ್ದ ಕಾಫಿ ಚೆಲ್ಲಿತು. ಕ್ಲಿನಿಕ್ಕಿನ ಮುಂದೆ ಎರಡು ಸುತ್ತು ಹೊಡೆಸಿ, ಮೂರನೆಯ ಸಲ ಇಳಿದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ" ಎಂದರು. ಅವರು ಮುಟ್ಟುವ ಮೊದಲೇ ಎತ್ತಿದೆ! ನಿಲ್ಲಿಸಿದರು. ಸೂಜಿ ಕಂಡು ಎತ್ತಿದೆ, ನಿಲ್ಲಿಸಿದರು. ನಾಲ್ಕು ಸಲ ಎತ್ತಿದೆ, ನಾಲ್ಕು ಸಲವೂ ನಿಲ್ಲಿಸಿದರು. ಕೈ ಎತ್ತಿದರೆ ನಿಲ್ಲಿಸುವ ಡಾಕ್ಟರೂ ಇರುತ್ತಾರೆಂದು ಯಾರಾದರೂ ಮೊದಲೇ ಹೇಳಬಾರದಿತ್ತೇ! ಐದನೆಯ ಸಲ ಕೈ ತಾನಾಗಿ ಮಡಿಲಲ್ಲೇ ಉಳಿಯಿತು.

ಹಲ್ಲು ಮೂರು ಚೂರಾಗಿ ಬಂತು. ನಾನು ಸುಮ್ಮನಿರುತ್ತೇನೆಯೇ? ಮರಗಟ್ಟಿದ ಬಾಯಲ್ಲೇ ತಟ್ಟೆ ಕೇಳಿ, ಮೂರನ್ನೂ ಜೋಡಿಸಿ, ಒಳಗೇನೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಹೊರಗೆ ಬಂದವಳು ರಸ್ತೆಯಲ್ಲೇ ಕುಣಿಯುವುದೊಂದು ಬಾಕಿ!

ಸೋಮವಾರ ಊಟದ ಹೊತ್ತಿಗೆ ಪೇಪರಿನಲ್ಲಿ ಸುತ್ತಿ ತಂದಿದ್ದ ಆ ಚೂರುಗಳನ್ನು ಬಿಚ್ಚಿ ಅವಳ ಮುಂದಿಟ್ಟೆ. ಬಾತುಕೊಂಡ ನನ್ನ ಕೆನ್ನೆ ನೋಡಿ ಸುತ್ತಲಿನವರೆಲ್ಲ ಹತ್ತಿರ ಸರಿದರು.

"ನಿನ್ ರೊಟ್ಟಿ ಬ್ಯಾಡ ಅಂದಿದ್ದು ಇದು ಕಣವ್ವಾ, ನಾನಲ್ಲ."

ಅವಳು ಒಂದು ಚೂರನ್ನು ಬೆರಳಿನಿಂದ ಹೊರಳಿಸಿದಳು. "ಇಷ್ಟು ಹೇಳಾಕ ಏನಾಗಿತ್ರಿ?"

"ಎದ್ರಿಕೆ ಆಗಿತ್ತು."

"ಯಾರಿಗೆ ಅಂಜಿದ್ರಿ, ಡಾಕ್ಟರಿಗೋ, ನಮಗೋ?"

ಇಬ್ಬರಿಗೂ ಎನ್ನಬೇಕಿತ್ತು. ಅವಳು ಪೇಪರು ಮಡಿಸಿ ನನ್ನ ಕೈಗೆ ಕೊಟ್ಟಳು. ಸಂಜೆ ಅವಳ ಕೈ ಸೇರಿ ನನ್ನ ಕಾಲರಿನ ರಾಶಿ ಕರಗಿತು. ಆದರೂ ಮೊದಲಿನ ಮಾತು ಮರಳಿರಲಿಲ್ಲ.

ಗಾಯ ಮಾಯಲು ಎರಡು ವಾರ ಹಿಡಿಯಿತು. ಆಮೇಲೊಂದು ಮಧ್ಯಾಹ್ನ ನಾನೇ ಹೋಗಿ ಅವಳ ಪಕ್ಕದಲ್ಲಿ ಕೂತೆ. ಅವಳು ಹಬ್ಬದ ಗಂಟಿನ ಕೊನೆಯ ರೊಟ್ಟಿ ತಿನ್ನುತ್ತಿದ್ದಳು. ಒಂದು ಕಡೆ ಆಗಲೇ ಕಚ್ಚಿಯಾಗಿತ್ತು. ನನಗೆ ಕೊಡಲು ಬೇರೆ ಇದೆಯೇ ಎಂದು ಡಬ್ಬಿ ತಡಕಾಡಿದಳು. ನಾನು ಅವಳ ಕೈಯಲ್ಲಿದ್ದದ್ದನ್ನೇ ಕಿತ್ತುಕೊಂಡು, ಅವಳು ಕಚ್ಚಿದ ಕಡೆಯಲ್ಲೇ ಕಚ್ಚಿದೆ. ಕಟ್! ಸೂಪರ್‌ವೈಸರ್ ಕೂಡ ತಿರುಗಿ ನೋಡಿದರು.

"ಅಯ್ಯ ಅಕ್ಕಾ, ಎಂಜಲ ಐತ್ರಿ ಅದು!"

"ಗೊತ್ತು ಕಣವ್ವಾ" ಎಂದೆ, ಬಲಗಡೆಯಲ್ಲಿ ಅಗಿಯುತ್ತಾ.